ಹಂಗಾಮಿ ಟೀಚರೂ ನನ್ನ ಗಂಟೆಯೂ

"ನಾಳೆ ಗಂಟೆ ಬೇಗ ಬೇಗ ಹೊಡೆಯಿರಿ, ಇಚ್ಚಾಯಾ. ಎಳೆದು ಹೊಡೆದರೆ ಜನ ಕೊಡೆ ಹಿಡಿದುಕೊಂಡು ಬಂದುಬಿಡುತ್ತಾರೆ."

ನನ್ನ ಹೆಂಡತಿ ನನಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಸ್ವಲ್ಪ ನಕ್ಕಳು. ಆಮೇಲೆ ಗೋಡೆ ಕಡೆ ತಿರುಗಿ ಮಲಗಿದಳು.

ಇಚ್ಚಾಯ ಎಂದು ನಮ್ಮ ತಿರುವಾಂಕೂರಿನ ಕ್ರೈಸ್ತರಲ್ಲಿ ಹೆಂಡತಿ ಗಂಡನನ್ನು ಕರೆಯುವುದು. ಅವಳು ಟೀಚರು. ನಾನು ಅದೇ ಶಾಲೆಯ ಗಂಟೆ ಹೊಡೆಯುವವನು. ಕೊಡೆಯ ಸಂಗತಿ ಎಂತದ್ದೆಂದು ಮುಂದೆ ಹೇಳುತ್ತೇನೆ.

ಒಂದು ಸೀಮೆಯಲ್ಲಿ ಕಲಿತು ಇನ್ನೊಂದು ಸೀಮೆಯಲ್ಲಿ ಕಲಿಸಲು ಹೊರಟರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಮಗಂತೂ ಆಗದ ವರ್ಷ ಇಲ್ಲ.

ನಾವು ಕಾಡು ಕಡಿದು ಮರಗೆಣಸು ಹಾಕಲು ನೆಲ್ಯಾಡಿ ಕಡೆಗೆ ಬಂದವರು. ಅವಳು ಊರಲ್ಲಿ ಟೀಚರ್ ಟ್ರೈನಿಂಗ್ ಮುಗಿಸಿದ್ದಳು. ಸರ್ಟಿಫಿಕೇಟಿನ ಮೇಲೆ ಮಹಾರಾಜರ ಶಂಖದ ಮುದ್ರೆ ಇತ್ತು. ಅದನ್ನು ಸುರುಳಿ ಮಾಡಿ ತಗಡಿನ ಕೊಳವೆಯಲ್ಲಿ ಹಾಕಿ ತಂದಿದ್ದಳು. ನಮ್ಮವರ ಮಕ್ಕಳು ಬೋರ್ಡ್ ಶಾಲೆಗೆ ಸೇರಿದಾಗ ಅವರ ಮಾತು ತಿಳಿದವರು ಒಬ್ಬರು ಬೇಕಾಯಿತು. ಇವಳನ್ನು ತೆಗೆದುಕೊಂಡರು. ಹಂಗಾಮಿ.

ಶಂಖದ ಸರ್ಟಿಫಿಕೇಟು ಇಲ್ಲಿ ನಡೆದರೆ ಖಾಯಂ. ನಡೆಯದಿದ್ದರೆ ಬೇಸಗೆ ರಜೆಗೆ ಮನೆಗೆ ಕಳಿಸುವುದು, ಶಾಲೆ ತೆರೆಯುವಾಗ ಮತ್ತೆ ಕರೆದರೆ ಹೋಗುವುದು. ತಾನೂ ಟೀಚರೇ, ಬೇರೆಯವರ ಹಾಗೆಯೇ, ಎಂದು ಇಲ್ಲಿಯವರ ಬಾಯಲ್ಲಿ ಒಮ್ಮೆ ಕೇಳಬೇಕೆಂದು ಅವಳಿಗೆ ಆಸೆ. ಬೇರೆ ಆಸೆ ಹೇಳಿದ್ದು ನನಗೆ ನೆನಪಿಲ್ಲ.

ಕನ್ನಡ ಕೇಳಿದರೆ ನಮಗೆ ಅಲ್ಪಸ್ವಲ್ಪ ತಿಳಿಯುತ್ತಿತ್ತು, ಆದರೆ ಅವಳಿಗೂ ಆಡಲು ಬರೆಯಲು ಬರುತ್ತಿರಲಿಲ್ಲ. ಹಗಲು ಹೆಡ್ಮಾಸ್ಟರರಲ್ಲಿ ಕಲಿತದ್ದನ್ನು ಸಂಜೆ ನನಗೆ ಕಲಿಸುವಳು. ನಾನು ಊರಲ್ಲಿ ಎರಡನೇ ಕ್ಲಾಸಿಗೆ ಬಿಟ್ಟವನು. ಹಾಗಾಗಿ ನನಗೆ ಬರೆಯಲು ಬರುವುದು ಕನ್ನಡ ಒಂದೇ. ಅದೂ ನಿಧಾನ.

೧. ಕೊಡೆ

ಶಾಲೆಗೆ ಜವಾನ ಇರಲಿಲ್ಲ. ಕಾಡುದಾರಿಯೆಂದು ನಾನು ಅವಳನ್ನು ಬಿಡಲು ಹೋಗುತ್ತಿದ್ದೆ. ಮೊದಲ ದಿನ ಹೆಡ್ಮಾಸ್ಟರು ಕೇಳಿದರು, "ನಿಮಗೆ ಗಂಟೆ ಹೊಡೆದು ಗೊತ್ತುಂಟಾ?"

ನನಗೆ ಖುಷಿ ಆಯಿತು. ಗೊತ್ತಿದ್ದದ್ದು ಅದೊಂದೇ. ಹುಡುಗನಾಗಿದ್ದಾಗ ಊರ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಹೊಡೆದವನು ನಾನು. ಹೆಚ್ಚು ಹೊಡೆದದ್ದು ಸಾವಿನ ಗಂಟೆ. ಒಂದು ಹೊಡೆಯಬೇಕು. ಅದರ ಸದ್ದು ಪೂರ್ತಿ ಅಡಗಿದ ಮೇಲೆ ಇನ್ನೊಂದು.

ಶಾಲೆಯ ಗಂಟೆ ಎಂದರೆ ಹಲಸಿನ ಮರಕ್ಕೆ ಕಟ್ಟಿದ ರೈಲು ಕಂಬಿಯ ತುಂಡು. ನನ್ನ ಕೈಗೆ ಗೊತ್ತಿದ್ದ ಹಾಗೆ ಹೊಡೆದೆ. ಡಣ್. ಸುಮ್ಮನೆ ನಿಂತೆ. ಡಣ್.

ನಮ್ಮವರ ಇಗರ್ಜಿಗೆ ಆಗ ಗಂಟೆ ಇರಲಿಲ್ಲ. ಯಾರೋ ಹೋದರು, ಶಾಲೆಯ ಕಂಬಿಯಲ್ಲಿ ಹೊಡೆಯುತ್ತಿದ್ದಾರೆ ಎಂದು ತಿಳಿದರು. ಕತ್ತಿ, ಗುದ್ದಲಿ ಅಲ್ಲಲ್ಲೇ ಬಿಟ್ಟರು. ಬಿಳಿ ಮುಂಡು ಉಟ್ಟು, ಕಪ್ಪು ಕೊಡೆ ಹಿಡಿದು, ಒಬ್ಬೊಬ್ಬರೇ ಗುಡ್ಡ ಇಳಿದು ಬಂದರು. ಸಾವಿನ ಮನೆಗೆ ನಮ್ಮವರು ಕೊಡೆ ಇಲ್ಲದೆ ಹೋಗುವುದಿಲ್ಲ, ಮಳೆ ಇರಲಿ ಬಿಡಲಿ.

ಮುಂದೆ ಬಂದ ಅಜ್ಜ ಪಿಸುಗುಟ್ಟಿದ, "ಯಾರು ಹೋದದ್ದು?"

"ಯಾರೂ ಇಲ್ಲ. ಶಾಲೆ ಶುರುವಾದದ್ದು."

ಅಜ್ಜ ನನ್ನನ್ನು ನೋಡಿದ. ಆಕಾಶ ನೋಡಿದ. "ಇಷ್ಟು ದೂರ ಬಂದಾಯಿತು," ಎಂದು ಶಾಲೆಗೇ ಒಂದು ಪ್ರಾರ್ಥನೆ ಹೇಳಿದ. ಉಳಿದವರು ಆಮೆನ್ ಅಂದರು.

ಹೆಡ್ಮಾಸ್ಟರು ಅಂಗಳದಲ್ಲಿ ಸಾಲು ಕೊಡೆ ನೋಡಿ ಕೈ ಮುಗಿದರು. ನನ್ನ ಹೆಂಡತಿಗೆ ಹೇಳಿದರು, "ಎಂಥ ಜನ ಮಾರಾಯ್ರೆ ನಿಮ್ಮವರು! ಮಕ್ಕಳನ್ನು ಶಾಲೆಗೆ ಹಾಕಲು ಇಷ್ಟು ಭಯಭಕ್ತಿ ನಾನು ಎಲ್ಲಿಯೂ ನೋಡಲಿಲ್ಲ."

ಆ ಸಂಜೆ ಅವಳು ಒಲೆಯ ಮುಂದೆ ತಟ್ಟೆ ಮಗುಚಿ, ಸೌಟಿನಲ್ಲಿ ಬೇಗ ಬೇಗ ಹೊಡೆಯುವುದನ್ನು ನನಗೆ ಕಲಿಸಿದಳು.

೨. ಬಸಳೆ

ನಮ್ಮ ಹೆಂಗಸರು ಉಡುವುದು ಬಿಳಿ. ಬಿಳಿ ರವಿಕೆ, ಬಿಳಿ ಮುಂಡು. ಹಣೆಗೆ ಎಂತದ್ದೂ ಇಲ್ಲ. ತಾಳಿ ಉಂಟು, ಆದರೆ ಚಿಕ್ಕದು, ರವಿಕೆಯ ಒಳಗೆ ಹೋಗಿಬಿಡುತ್ತದೆ.

ಅವಳು ಹೋದಲ್ಲೆಲ್ಲ ಇಲ್ಲಿನ ಹೆಂಗಸರು ತರಕಾರಿ ಕೊಡುತ್ತಿದ್ದರು. ಬಸಳೆಯ ಕಟ್ಟು, ಸೌತೆಕಾಯಿ, ಕೆಸುವಿನ ಗೆಡ್ಡೆ. ಒಬ್ಬರು ಕೊಡುವಾಗ ಕಣ್ಣು ಒರೆಸಿಕೊಂಡರಂತೆ.

"ಇಲ್ಲಿ ಟೀಚರೆಂದರೆ ಎಷ್ಟು ಪ್ರೀತಿ ನೋಡಿ," ಎಂದು ಅವಳು ನನಗೆ ಹೇಳುವಳು. ನಾನೂ ಹೌದೆಂದೆ. ಬಸಳೆ ತಿಂದೆ.

ಒಂದು ದಿನ ಬ್ಯಾರಿಯವರ ಅಂಗಡಿಗೆ ಬೆಲ್ಲಕ್ಕೆ ಹೋದೆ. ಬ್ಯಾರಿಯವರೆಂದರೆ ಈ ಕಡೆಯ ಮುಸಲ್ಮಾನರು; ಅವರಿಗೆ ನಮ್ಮ ಮಾತು ಅರ್ಧ ತಿಳಿಯುತ್ತದೆ, ನಮಗೆ ಅವರದ್ದೂ ಅರ್ಧ. ತೂಗುತ್ತಾ ಕೇಳಿದರು, "ಆ ಟೀಚರು ನಿಮಗೆ ಎಂತ ಆಗಬೇಕು?"

"ಹೆಂಡತಿ."

ತಕ್ಕಡಿ ನಿಂತಿತು. "ಓ. ಇದು ಎರಡನೆಯದ್ದಾ? ಒಳ್ಳೆದಾಯಿತು. ನಮ್ಮಲ್ಲಿಯೂ ಮಾಡುತ್ತಾರೆ, ತಪ್ಪೆಂತ ಇಲ್ಲ."

"ಅಲ್ಲ. ಒಂದನೆಯದ್ದೇ."

"ನಿಮಗೆ ಒಂದನೆಯದ್ದು. ಅವರಿಗೆ?"

"ಅವಳಿಗೂ."

ಅವರು ಬೆಲ್ಲವನ್ನು ತಕ್ಕಡಿಯಿಂದ ಇಳಿಸಿ ಕೆಳಗಿಟ್ಟರು. "ಹಾಗಾದರೆ ಸತ್ತದ್ದು ಯಾರು ಮಾರಾಯ್ರೆ?"

ಆಗ ಗೊತ್ತಾಯಿತು. ಇಲ್ಲಿ ಬಿಳಿ ಉಡುವುದು ಗಂಡ ಸತ್ತವರು. ಊರಿಡೀ ನನ್ನನ್ನು ಯಾವಾಗಲೋ ಮಣ್ಣು ಮಾಡಿತ್ತು. ನಾನು ಸತ್ತದ್ದು ಯಾವುದರಿಂದ ಎಂದು ಊರವರು ಹೇಳುತ್ತಾರೆಂದು ನನಗೆ ಕುತೂಹಲ ಆಯಿತು. ಕೇಳಿದೆ. "ಆನೆ," ಎಂದರು ಬ್ಯಾರಿಯವರು.

ಪುತ್ತೂರಿಗೆ ಹೋಗಿ ಅವಳಿಗೊಂದು ನೀಲಿ ಸೀರೆ ತಂದೆ, ನಾನು ಬದುಕಿದ್ದೇನೆಂದು ತೋರಿಸಲು. ಸೀರೆ ಉಟ್ಟಳು, ಬಸಳೆ ನಿಂತಿತು.

ಹೋದ ವಾರದಿಂದ ಮತ್ತೆ ಬರುತ್ತಾ ಉಂಟು. ಈಗ ನನಗೆ.

೩. ಇಲ್ಲದ ರಾಜ್ಯ

ಸರ್ಟಿಫಿಕೇಟಿನ ವಿಷಯಕ್ಕೆ ಪುತ್ತೂರಿನ ಆಫೀಸಿಗೆ ಹೋಗುವುದು ನಮಗೆ ಹರಕೆಗೆ ಹೋದ ಹಾಗೆ ಆಗಿತ್ತು. ನಡೆದು, ಬಸ್ಸು ಹಿಡಿದು ಹೋಗುವುದು. ಗುಮಾಸ್ತರು ಕೊಳವೆಯಿಂದ ಕಾಗದ ಹೊರಗೆಳೆಯುವರು. ಶಂಖ ನೋಡಿ, "ಚಂದ ಉಂಟು," ಎಂದು ವಾಪಸು ಕೊಡುವರು. ಅರ್ಜಿ ಮದ್ರಾಸಿಗೆ ಹೋಗಿದೆ ಎನ್ನುವರು. ಆಗ ಈ ಸೀಮೆ ಮದ್ರಾಸು ರಾಜ್ಯದ್ದು.

ಭಾಷೆ ನೋಡಿ ರಾಜ್ಯಗಳನ್ನು ಒಡೆದು ಜೋಡಿಸಿದರಲ್ಲ, ಅದರ ನಂತರ ಒಮ್ಮೆ ಹೋದೆವು. ಗುಮಾಸ್ತರು ಕನ್ನಡಕ ತೆಗೆದರು. ಒಳ್ಳೆಯ ಮನುಷ್ಯ, ಅವರಿಗೂ ಬೇಜಾರು.

"ಟೀಚರೇ, ನಿಮಗೆ ಸರ್ಟಿಫಿಕೇಟು ಕೊಟ್ಟ ರಾಜ್ಯ ಈಗ ಇಲ್ಲ."

"ಹೌದು."

"ನೀವು ಅರ್ಜಿ ಹಾಕಿದ ರಾಜ್ಯದಲ್ಲಿ ಈಗ ನಾವು ಇಲ್ಲ."

"ಈಗ ಎಂತ ಮಾಡುದು?"

"ಹೊಸ ಅರ್ಜಿ ಕೊಡುದು. ಮೈಸೂರು ರಾಜ್ಯಕ್ಕೆ."

ಒಂದು ರಾಜ್ಯ ಇಲ್ಲ ಎಂದರೆ ಹೇಗಿರುತ್ತದೆ ಎಂದು ನಾನು ಹೊರಗೆ ಬಂದು ನೋಡಿದೆ. ರಸ್ತೆ ಅಲ್ಲೇ ಇತ್ತು. ಹೋಟೆಲು ಅಲ್ಲೇ ಇತ್ತು. ಬಂದ ಬಸ್ಸೇ ನಿಂತಿತ್ತು. ಬದಲಾದದ್ದು ಯಾವುದೆಂದು ಕಣ್ಣಿಗೆ ಸಿಗಲಿಲ್ಲ.

ತಿರುಗಿ ಒಳಗೆ ಹೋದೆ. ಅವಳು ಪೆನ್ನು ಹಿಡಿದು ಕೂತಿದ್ದಳು. ಬರೆಯುವ ಮೊದಲು ಗುಮಾಸ್ತರನ್ನು ತುಂಬಾ ಮರ್ಯಾದೆಯಿಂದ ಕೇಳಿದಳು, "ನಾನು ಇದನ್ನು ಬರೆದು ಮುಗಿಸುವವರೆಗೆ ಈ ರಾಜ್ಯ ಇರುತ್ತದಲ್ಲ, ಸರ್?"

೪. ಸಾಹೇಬರ ಕನ್ನಡ

ಹೊಸ ಅರ್ಜಿಗೆ ಫಲ ಬಂತು. ಇವರಿಗೆ ಕನ್ನಡ ಬರುತ್ತದೋ ಎಂದು ಪರೀಕ್ಷೆ ಮಾಡಲು ಇನ್‌ಸ್ಪೆಕ್ಟರು ಬರುತ್ತಾರೆ ಎಂದಾಯಿತು. ಅವಳಿಗೆ ಆ ವಾರ ಊಟ ಸೇರಲಿಲ್ಲ. ಇದರಲ್ಲಿ ಬಿದ್ದರೆ ಹಂಗಾಮಿಯೂ ಇಲ್ಲ.

ಸಾಹೇಬರು ಮೈಸೂರು ಕಡೆಯವರು. ಈ ಕಡೆಗೆ ಹೊಸಬರು. ಜೀಪಿನಿಂದ ಇಳಿದವರೇ ಕ್ಲಾಸಿಗೆ ಹೋದರು. ನಾನು ಕಿಟಕಿಯ ಹೊರಗೆ ನಿಂತೆ.

"ಏನ್ರೋ, ನಿಮ್ಮೂರಲ್ಲಿ ಇಷ್ಟೊಂದು ಮಳೆ ಹುಯ್ಯತ್ತಲ್ಲ, ಎಲ್ಲಿಂದ್ರೋ ಬರತ್ತೆ? ಯಾರಾದ್ರೂ ಹೇಳ್ನೋಡೋಣ."

ಮಕ್ಕಳು ಕಣ್ಣು ಬಿಟ್ಟರು. ಅವರಿಗೆ ಮನೆಯಲ್ಲಿ ತುಳು. ಸುಳ್ಯದಿಂದ ಬಂದವರಿಗೆ ಅರೆಭಾಷೆ. ಬ್ಯಾರಿ ಮಕ್ಕಳಿಗೆ ಬ್ಯಾರಿ. ನಮ್ಮವರಿಗೆ ಮಲೆಯಾಳ. ಕನ್ನಡ ಎಂದರೆ ಪುಸ್ತಕದಲ್ಲಿ ಇರುವುದು, ಟೀಚರು ನಿಧಾನ ಹೇಳುವುದು. ಗಾಳಿಯ ಹಾಗೆ ಹೋಗುವ ಕನ್ನಡ ಅವರು ಕೇಳಿದ್ದೇ ಇಲ್ಲ.

ಸಾಹೇಬರು ಹೆಡ್ಮಾಸ್ಟರರತ್ತ ತಿರುಗಿ ಎಂತದೋ ಕೇಳಿದರು. ಅವರು ಮಕ್ಕಳಿಗಿಂತ ದೊಡ್ಡ ಕಣ್ಣು ಬಿಟ್ಟರು.

ನನ್ನ ಹೆಂಡತಿ ಮೆಲ್ಲ ಮುಂದೆ ಬಂದಳು. "ಮಕ್ಕಳೇ, ಮಳೆ ಎಲ್ಲಿಂದ ಬರುತ್ತದೆ ಎಂದು ಸಾಹೇಬರು ಕೇಳುತ್ತಿದ್ದಾರೆ." ಆಮೇಲೆ ಹೆಡ್ಮಾಸ್ಟರರಿಗೆ, "ಸರ್, ನಿಮ್ಮಲ್ಲಿ ಕೇಳಿದ್ದು ಈ ಮಕ್ಕಳು ಮೂಕರಾ ಎಂದು."

ಒಬ್ಬ ಹುಡುಗ ಎದ್ದ. "ಸುಬ್ರಹ್ಮಣ್ಯದಿಂದ."

ಅಲ್ಲಿಂದ ಮಧ್ಯಾಹ್ನದವರೆಗೆ ಅವಳು ಕನ್ನಡವನ್ನು ಕನ್ನಡಕ್ಕೆ ಹೇಳುತ್ತಾ ನಡುವೆ ನಿಂತಳು. ಇಲ್ಲೇ ಹುಟ್ಟಿದವರು ಅರ್ಧ ಕೇಳಿ ಬಿಡುತ್ತಾರೆ. ಇವಳು ಹೆದರಿ ಹೆದರಿ ಕಲಿತವಳು, ಒಂದಕ್ಷರ ಬಿಡುವುದಿಲ್ಲ.

"ಅಮ್ಮಾ, ನಾನು ಈ ತಾಲೂಕಿಗೆ ಬಂದಮೇಲೆ ನಾನಂದದ್ದು ಇನ್ನೊಬ್ಬರಿಗೆ ತಿಳಿದದ್ದು ಇವತ್ತೇ," ಎಂದರು ಸಾಹೇಬರು. ಕನ್ನಡ ಬರುತ್ತದೆ ಎಂದು ಬರೆದರು. ಟ್ರೈನಿಂಗ್ ಸರ್ಟಿಫಿಕೇಟು ಮಾತ್ರ ತನ್ನ ಕೈಯಲ್ಲಿಲ್ಲ, ಮೇಲಿನವರು ನೋಡಬೇಕು ಎಂದರು. ಅಂದರೆ ಮತ್ತೆ ಹಂಗಾಮಿ.

ಜೀಪು ಹತ್ತಿದವರು ಪುನಃ ಇಳಿದರು. ಹೆಡ್ಮಾಸ್ಟರರ ಹತ್ತಿರ ಗುಟ್ಟಾಗಿ ಎಂತದೋ ಕೇಳಿದರು. ಅವರಿಗೆ ತಿಳಿಯಲಿಲ್ಲ. ಇವಳೇ ಹೇಳಬೇಕಾಯಿತು:

"ಸರ್, ನಾಳೆ ಕಡಬದ ಶಾಲೆಗೆ ನನ್ನನ್ನು ಒಂದು ದಿನ ಕಳಿಸಿಕೊಡುತ್ತೀರಾ ಎಂದು ಕೇಳುತ್ತಿದ್ದಾರೆ."

೫. ನಿಂತವರು

ಇವಳಿಂದ ಮಗ್ಗಿ ಕಲಿತ ಒಂದು ಹುಡುಗಿ ದೊಡ್ಡವಳಾಗಿ, ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ, ನಮ್ಮ ಶಾಲೆಗೇ ಟೀಚರಾಗಿ ಬಂದಳು. ಖಾಯಂ.

ಮೊದಲ ದಿನ ಇವಳು ಆಫೀಸು ಕೋಣೆಗೆ ಹೋದಾಗ ಹುಡುಗಿ ಎದ್ದು ನಿಂತಳು. ಟೀಚರು ಬಂದರೆ ಏಳಬೇಕೆಂದು ಅವಳಿಗೆ ಕಲಿಸಿದ್ದೇ ಇವಳು. ಇವಳಿಗೆ ಊರ ಟ್ರೈನಿಂಗಿನಲ್ಲಿ ಕಲಿಸಿದ್ದು ಬೇರೆ: ಹಂಗಾಮಿಯವರು ಖಾಯಂನವರು ಕೂತ ಮೇಲೆ ಕೂರುವುದು.

"ಕೂತುಕೊಳ್ಳಿ ಟೀಚರ್," ಎಂದಳು ಹುಡುಗಿ.

"ನೀನು ಖಾಯಂ ಮಗಾ. ನೀನು ಕೂರು."

"ನೀವು ನಮ್ಮ ಟೀಚರು. ನಾನು ಹೇಗೆ ಕೂರುದು?"

ಹೆಡ್ಮಾಸ್ಟರು ಬಂದರು. ಇಬ್ಬರು ಟೀಚರು ನೆಟ್ಟಗೆ ನಿಂತಿದ್ದಾರೆ. ದೊಡ್ಡ ಸಾಹೇಬರು ಬಂದಿದ್ದಾರೆಂದು ಹೆದರಿ, ಕೋಟಿನ ಗುಂಡಿ ಹಾಕಿ, ಬಾಗಿಲ ಕಡೆ ತಿರುಗಿ ಅವರೂ ನಿಂತರು. ನಾನು ಮಧ್ಯಾಹ್ನದ ಗಂಟೆಗೆ ಸಮಯ ಆಯಿತಾ ಎಂದು ಕೇಳಲು ಹೋದವನು. ಮೂವರು ನಿಂತಲ್ಲಿ ನಾನು ಮಾತಾಡುವುದು ಹೇಗೆ? ನಿಂತೆ.

ಆ ದಿನ ಮಕ್ಕಳಿಗೆ ಊಟ ತಡ ಆಯಿತು.

ಮನೆಗೆ ಬಂದು ಅವಳು ನಕ್ಕಳು. ಆಮೇಲೆ ತಗಡಿನ ಕೊಳವೆಯನ್ನು ಅಟ್ಟಕ್ಕೆ ಹಾಕಿದಳು. ಅದನ್ನು ಮತ್ತೆ ಇಳಿಸಲಿಲ್ಲ.

೬. ರಜೆ

ಈ ಸಲ ಮಳೆ ಬಿಡುವ ಹೊತ್ತಿಗೆ ಅವಳು ಜ್ವರದಲ್ಲಿ ಮಲಗಿದಳು. ಶಾಲೆಯ ಗಂಟೆ ಮನೆಗೆ ಕೇಳುತ್ತದೆ. ನಾನು ಹೊಡೆಯುವುದು ದಿನ ಹೋದ ಹಾಗೆ ನಿಧಾನ ಆಯಿತು. ನನಗೆ ಗೊತ್ತಾಗಲಿಲ್ಲ, ಮಲಗಿದವಳಿಗೆ ಗೊತ್ತಾಯಿತು. ಅದಕ್ಕೇ ಆ ಸಂಜೆ ಕೊಡೆಯ ಮಾತು ಹೇಳಿದ್ದು.

ಬೆಳಗಾಗುವಾಗ ಅವಳು ಇರಲಿಲ್ಲ.

ಹೆಂಗಸರು ಬಂದು ಬಿಳಿ ಉಡಿಸಿದರು. ಇಗರ್ಜಿಗೆ ಈಗ ಗಂಟೆ ಉಂಟು. ಒಂದು ಹೊಡೆದು, ನಿಂತು, ಇನ್ನೊಂದು ಹೊಡೆಯುತ್ತಿದ್ದರು. ಕೊಡೆಗಳು ಗುಡ್ಡ ಇಳಿಯುತ್ತಿದ್ದವು. ನಾನು ಬಿಸಿಲು ನೋಡಿ, ಶಾಲೆಯ ಹೊತ್ತಾಯಿತೆಂದು ಅಂಗಿ ಹಾಕಿದೆ.

ಅವಳ ತಮ್ಮ ಕೇಳಿದ, "ಎಲ್ಲಿಗೆ?"

"ಗಂಟೆ ಹೊಡೆಯಲು."

"ಇವತ್ತಾ?"

"ಇವತ್ತಿಗೇ ಹೇಳಿದ್ದು."

ಅವನು ಬೇರೆಯವರ ಮುಖ ನೋಡಿದ. ಯಾರೂ ತಡೆಯಲಿಲ್ಲ.

ಹೋಗಿ ಹೊಡೆದೆ. ಬೇಗ ಬೇಗ. ಗುಡ್ಡದ ಆಚೆ ಈಚೆಯಿಂದ ಮಕ್ಕಳು ಓಡಿ ಬಂದರು. ಅವರ ಹಿಂದೆ ಹೆಡ್ಮಾಸ್ಟರು ಬಂದರು, ಅವರೂ ಓಡಿಕೊಂಡು, ಕೈಯಲ್ಲಿ ಹೂವಿನ ಮಾಲೆ. ನಮ್ಮ ಮನೆಗೆ ಹೊರಟವರು ಅರ್ಧದಾರಿಯಿಂದ ತಿರುಗಿದ್ದು.

"ಅಯ್ಯೋ, ಎಂತ ಮಾಡಿದಿರಿ ಮಾರಾಯ್ರೆ! ಇವತ್ತು ನಾನು ರಜೆ ಕೊಟ್ಟಿದ್ದೇನೆ. ಸತ್ತರೆ ರಜೆ ಕೊಡುವ ಕ್ರಮ ಇರುವುದು ಖಾಯಂ ಟೀಚರಿಗೆ ಮಾತ್ರ. ಇರಲಿ, ಯಾರಾದರೂ ಕೇಳಿದರೆ ನಾನು ಹೇಳಿಕೊಳ್ಳುತ್ತೇನೆ, ಅವರು ಟೀಚರೇ, ನಮ್ಮೆಲ್ಲರ ಹಾಗೆಯೇ, ಎಂದು ಕೊಟ್ಟದ್ದು."

ಅವಳು ಕೇಳಬೇಕೆಂದಿದ್ದ ಮಾತು ಅದು. ಕೇಳಿದ್ದು ನಾನು.

"ಗಂಟೆ ಹೊಡೆಯಲು ಅವಳೇ ಹೇಳಿದ್ದು," ಎಂದೆ.

ಹೆಡ್ಮಾಸ್ಟರು ಮಾಲೆಯನ್ನು ಮೊಣಕೈಗೆ ಏರಿಸಿದರು. "ಟೀಚರು ಹೇಳಿದ್ದಾದರೆ ಶಾಲೆ ಉಂಟು. ತೆರೆದೇ ರಜೆ ಕೊಡುವ, ಕ್ರಮದಲ್ಲೇ ಮಾಡುವ." ಮಕ್ಕಳನ್ನು ಸಾಲಾಗಿ ನಿಲ್ಲಿಸಿದರು. ಪ್ರಾರ್ಥನೆ ಆಯಿತು. ಆ ಹುಡುಗಿ ಟೀಚರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹೆಡ್ಮಾಸ್ಟರು ಮುಂದೆ ಬಂದರು.

"ಮಕ್ಕಳೇ, ಇವತ್ತು ಶಾಲೆಗೆ ರಜೆ..."

ಯಾಕೆಂದು ಹೇಳಲು ಅವರಿಗೆ ಸಮಯವೇ ಸಿಗಲಿಲ್ಲ. ಇಡೀ ಶಾಲೆ ಒಟ್ಟಿಗೆ ಕೂಗಿತು: "ಹೋ!"

ದೊಡ್ಡ ಮಕ್ಕಳು ಕೂಡಲೇ ಬಾಯಿ ಮುಚ್ಚಿದರು. ಒಂದನೇ ಕ್ಲಾಸಿನವರು ಮಾತ್ರ ಇನ್ನೂ ಕುಣಿಯುತ್ತಿದ್ದರು. ರಜೆ ಎಂದಾಗ ಹೀಗೆ ಕೂಗಬಾರದೆಂದು ಅವಳು ಬಂದ ವರ್ಷದಿಂದ ಹೇಳುತ್ತಾ ಇದ್ದಳು. ಅವಳಿಂದ ಕಲಿಸಲು ಆಗದೆ ಉಳಿದದ್ದು ಅದೊಂದೇ.

ನನಗೆ ನಗು ಬಂತು. ತಡೆಯಲು ಆಗಲಿಲ್ಲ. ಹುಡುಗಿ ಟೀಚರು ಸೆರಗಿನ ಒಳಗೆ ನಗುತ್ತಾ ಅತ್ತಳು. ಹೆಡ್ಮಾಸ್ಟರು ಮಾಲೆಯಲ್ಲೇ ಕಣ್ಣು ಒರೆಸಿಕೊಂಡರು.

"ಹೊಡೆಯಿರಿ ಮಾರಾಯ್ರೆ," ಎಂದರು, "ಬಿಡುವ ಗಂಟೆ."

ಇಗರ್ಜಿಯ ಗಂಟೆ ಅಲ್ಲಿ ಎಳೆದು ಎಳೆದು ಹೊಡೆಯುತ್ತಾ ಇತ್ತು. ನಾನು ಹಲಸಿನ ಮರದ ಕೆಳಗೆ ಹೋಗಿ ಸುತ್ತಿಗೆ ಎತ್ತಿದೆ. ಹೊಡೆದೆ. ಬೇಗ ಬೇಗ. ಎಳೆಯಲಿಲ್ಲ.