ಯಜಮಾನರನ್ನು ತೆಗೆದು ತೋರಿಸಿದ್ದು

ಶನಿವಾರ ಬೆಳಿಗ್ಗೆ ಏಳು ಗಂಟೆಗೆ ಚಿಕ್ಕಪ್ಪ ಸಿದ್ದರಾಜು ಫೋನ್ ಮಾಡಿ, "ಲೇ ಕಿಶನ್ನು, ನಿಮ್ ಯಜಮಾನನ್ನ ತೆಗ್ದ್ಬುಟ್ರಂತೆ ಕಣ್ಲಾ! ಟೀವೀಲಿ ಬತ್ತಾ ಅದೆ!" ಎಂದಾಗ ಕಿಶನ್ ಹಲ್ಲುಜ್ಜುತ್ತಿದ್ದ. ಬಾಯಿತುಂಬ ಇದ್ದ ನೊರೆ ಸೀದಾ ಹೊಟ್ಟೆಗಿಳಿಯಿತು.

"ಯಾವ ಯಜಮಾನ ಚಿಕ್ಕಪ್ಪ? ನನ್ ಕಂಪ್ನಿಗೆ ನಾನೇ ಯಜಮಾನ."

"ನೀನಲ್ಲ ಕಣ್ಲಾ, ಅಮೇರಿಕದೋನು! ನಿನ್ ಮಿಷಿನ್‌ಗೆ ಮಿದುಳು ಕೊಟ್ಟವ್ನಲ್ಲ, ಆ ಕಂಪ್ನಿಯೋನು. ಅವನು ಕಟ್ಟಿದ್ ಕಂಪ್ನಿಯಿಂದ ಅವನ್ನೇ ಆಚೆಗ್ ಹಾಕವ್ರೆ!"

ಕಿಶನ್ ಬಚ್ಚಲಿನ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂತುಬಿಟ್ಟ.

ನಾಗಮಂಗಲದ ಬಸ್‌ಸ್ಟ್ಯಾಂಡಿನ ಹತ್ತಿರ, ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಅವನ ಕಂಪನಿ 'ಕುರಿದನಿ'ಯ ಎರಡು ಕೋಣೆಗಳಿದ್ದವು. ಕುರಿ ಸಾಕುವವರು ಒಂದು ನಂಬರಿಗೆ ಫೋನ್ ಮಾಡಿ ಕುರಿಯ ಕಾಯಿಲೆ ಹೇಳಿದರೆ ಯಂತ್ರವೇ ಕನ್ನಡದಲ್ಲಿ ಉತ್ತರ ಕೊಡುತ್ತಿತ್ತು. ದನಿ ಕಿಶನ್‌ನದು, ಬುದ್ಧಿ ಮಾತ್ರ ಅಮೆರಿಕದ ನಾರ್ತ್‌ಲ್ಯಾಂಪ್ ಎಂಬ ದೊಡ್ಡ ಎಐ ಕಂಪನಿಯದು. ಕುರಿದನಿಗೆ ಮೂವರು ನಿರ್ದೇಶಕರು: ಕಿಶನ್, ಅವನ ತಾಯಿ ಚಿಕ್ಕಬೋರಮ್ಮ, ಮತ್ತು ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಹೊತ್ತು ಹೋಗದೆ ಒದ್ದಾಡುತ್ತಿದ್ದ ಈ ಚಿಕ್ಕಪ್ಪ. ಕಾಗದಕ್ಕೆ ಹೆಸರು ಬೇಕೆಂದು ಸೇರಿಸಿಕೊಂಡಿದ್ದಷ್ಟೇ. ನೌಕರಳು ಒಬ್ಬಳೇ, ರಂಜಿತ.

ಆವತ್ತೇ ಹನ್ನೊಂದಕ್ಕೆ ಬಿಂಡಿಗನವಿಲೆಯ ಮಂಚಯ್ಯನವರು ಬರುವವರಿದ್ದರು. ಕುರಿ ಸಾಕುವವರ ಸಂಘದ ಅಧ್ಯಕ್ಷರು. ಅವರು ಒಂದು ರುಜು ಹಾಕಿದರೆ ಸಂಘದ ನಾಲ್ಕು ಸಾವಿರ ಮನೆಗಳಿಗೂ ಮೂರು ವರ್ಷ ಕುರಿದನಿಯೇ. ಆ ರುಜುವಿಗಾಗಿ ಕಿಶನ್ ಒಂದೂವರೆ ವರ್ಷದಿಂದ ಅವರ ಹಟ್ಟಿಗೆ ನಡೆದು ನಡೆದು, ಅಲ್ಲಿನ ನಾಯಿಗಳೂ ಅವನನ್ನು ಕಂಡರೆ ಬೊಗಳುವುದನ್ನು ಬಿಟ್ಟಿದ್ದವು.

ಮುಖ ತೊಳೆದು ಹೊರಗೆ ಬಂದರೆ ಪಕ್ಕದ ಮನೆಯ ಸಿದ್ದಲಿಂಗಮ್ಮ ಸೆರಗು ಬಾಯಿಗೆ ಹಿಡಿದು ಜಗಲಿಯ ಮೇಲೆ ಕೂತಿದ್ದಳು.

"ಸಿದ್ದರಾಜಣ್ಣ ಹೇಳ್ತು ಕಣಪ್ಪ. ಯಜಮಾನ್ರು ಹೋಗ್ಬುಟ್ರಂತೆ. ಎಷ್ಟು ವಯಸ್ಸಾಗಿತ್ತು?"

"ಅಯ್ಯೋ, ಸತ್ತಿಲ್ಲ ಕಣತ್ತೆ! ಕೆಲಸದಿಂದ ತೆಗೆದವ್ರೆ."

"ಬದುಕಿದ್ದಂಗೇ ತೆಗೆದ್ಬುಟ್ರಾ?" ಅವಳ ಕಣ್ಣು ಇನ್ನಷ್ಟು ದೊಡ್ಡದಾಯಿತು.

ಕಿಶನ್ ಕಚೇರಿಗೆ ಓಡಿದ. ನಾರ್ತ್‌ಲ್ಯಾಂಪಿನಿಂದ ಒಂದು ಸಾಲಿನ ಮೇಲ್ ಬಂದಿತ್ತು: ಸೇವೆಯಲ್ಲಿ ವ್ಯತ್ಯಯ ಆಗಬಹುದು, ಸಹಕರಿಸಿ. "ಅಲ್ಲಿನ ಇಂಜಿನಿಯರ್‌ಗಳೆಲ್ಲ ನಾವೂ ಬುಟ್ ಹೋಗ್ತೀವಿ ಅಂತಾವ್ರಂತೆ ಸಾರ್," ಎಂದಳು ರಂಜಿತ. ಯಾರನ್ನಾದರೂ ಕೇಳೋಣವೆಂದರೆ, ಜಗತ್ತಿನ ಯಂತ್ರಗಳಿಗೆಲ್ಲ ಮಾತು ಕಲಿಸಿದ ಆ ಕಂಪನಿಗೆ ಒಂದು ಫೋನ್ ನಂಬರೂ ಇರಲಿಲ್ಲ. ಪ್ರಶ್ನೆ ಬರೆದು ಕಳಿಸಿದರೆ ಅಲ್ಲೂ ಒಂದು ಯಂತ್ರವೇ, 'ನಿಮ್ಮ ಆತಂಕ ನಮಗೆ ಅರ್ಥವಾಗುತ್ತದೆ' ಎಂದಿತು.

ಹನ್ನೊಂದಕ್ಕೆ ಸರಿಯಾಗಿ ಮಂಚಯ್ಯನವರು ಮೆಟ್ಟಿಲು ಹತ್ತಿದರು. ಹಿಂದೆಯೇ ಸಿದ್ದರಾಜು, ಅವನ ಹಿಂದೆ ಗಾಬರಿಬಿದ್ದ ಚಿಕ್ಕಬೋರಮ್ಮ. ಕೆಳಗಿನ ಟೀ ಅಂಗಡಿಯಲ್ಲಿ ಸಿದ್ದರಾಜು ಎಲ್ಲವನ್ನೂ ಅಧ್ಯಕ್ಷರಿಗೆ ವಿವರವಾಗಿ ಹೇಳಿಯಾಗಿತ್ತು.

"ಅಲ್ಲಪ್ಪ ಕಿಶನ್ನು," ಎಂದರು ಮಂಚಯ್ಯ, ಕೂರದೆಯೇ. "ಅಷ್ಟ್ ದೊಡ್ಡ ಕಂಪ್ನಿಯೋನ್ನೇ ಕಿತ್ತಾಕವ್ರೆ. ನಾಳೆ ನಿಂಗೇನಾರ ಆದ್ರೆ ನಮ್ ಕುರಿಗಳ ಗತಿಯೇನು?"

"ನಂಗೇನಾದ್ರೂ ಕಂಪ್ನಿ ನಿಲ್ಲಲ್ಲ ಸಾರ್. ಯಜಮಾನ ಹೋದ್ರೆ ಇನ್ನಿಬ್ರು ನಿರ್ದೇಶಕರು ಕೈ ಎತ್ತುದ್ರೆ ಸಾಕು, ಹೊಸ ಯಜಮಾನ ಬತ್ತಾನೆ. ಕೆಲ್ಸ ನಡೀತಾನೇ ಇರ್ತದೆ."

"ಬಾಯಲ್ಲಿ ಹೇಳುದ್ರೆ ಎಂಗೆ? ಪಂಪ್‌ಸೆಟ್ ಮಾರೋನೂ ಒಂದ್ಸಲ ನೀರೆತ್ತಿ ತೋರುಸ್ತಾನೆ. ತೆಗೆದು ತೋರ್ಸು."

ಕಿಶನ್‌ಗೆ ಇದು ದೇವರೇ ಕೊಟ್ಟ ದಾರಿಯಂತೆ ಕಂಡಿತು. "ಅವ್ವ, ಚಿಕ್ಕಪ್ಪ, ನನ್ನ ತೆಗೆದಾಕಿ!"

"ಒಳ್ಳೆ ದಿನ ಅಂಥ ಮಾತು ಯಾಕ್ಲಾ ಮಗ," ಎಂದು ಚಿಕ್ಕಬೋರಮ್ಮ ಕಣ್ಣೊರೆಸಿಕೊಂಡಳು.

"ಸುಮ್ನೆ ತೋರ್ಸಕ್ಕೆ ಕಣವ್ವ. ಕೈ ಎತ್ತು!"

ಸಿದ್ದರಾಜುವಿನ ಕೈ ಆಗಲೇ ಬಸ್ಸು ನಿಲ್ಲಿಸುವವನ ಹಾಗೆ ನೆಟ್ಟಗೆ ನಿಂತಿತ್ತು. ಚಿಕ್ಕಬೋರಮ್ಮನ ಕೈ ಅರ್ಧ ಎದ್ದಿತು. ಕಿಶನ್ ಅದನ್ನು ತಾನೇ ಹಿಡಿದು ಪೂರ್ತಿ ಎತ್ತಿಸಿದ. ರಂಜಿತ ನಡಾವಳಿ ಬರೆದಳು. ಕಿಶನ್ ಇಳಿದ, ಸಿದ್ದರಾಜು ಯಜಮಾನನಾದ. ತಿರುಗುವ ಕುರ್ಚಿಯಲ್ಲಿ ಕೂತು ಒಂದು ಸುತ್ತು ಸುತ್ತಿಯೂ ನೋಡಿದ.

ಅಷ್ಟರಲ್ಲಿ ಯಾರೋ ಕುರಿಯವನ ಕರೆ ಬಂತು. ರಂಜಿತ ಸ್ಪೀಕರ್ ಹಾಕಿದಳು. ಕುರಿಗೆ ಹೊಟ್ಟೆ ಉಬ್ಬರವಂತೆ. 'ಮುಂಗಾಲು ಎತ್ತರಕ್ಕೆ ಇರುವ ಹಾಗೆ ನಿಲ್ಲಿಸಿ, ಕೂಡಲೇ ಪಶುವೈದ್ಯರನ್ನು ಕರೆಸಿ' ಎಂದು ಯಂತ್ರ ಕಿಶನ್‌ನ ದನಿಯಲ್ಲೇ ತಣ್ಣಗೆ ಹೇಳಿತು.

"ಭಲೆ!" ಮಂಚಯ್ಯ ತೊಡೆ ತಟ್ಟಿದರು. "ತಲೆ ಹೋದ್ರೂ ಬಾಯಿ ನಿಲ್ನಿಲ್ಲ!" ಮರುಕ್ಷಣವೇ ಅವರ ಹುಬ್ಬು ಗಂಟಾಯಿತು. "ಆದ್ರೂ ಎಲ್ಡೇ ನಿಮಿಷಕ್ಕೆ ತೆಗೆದ್ರಲ್ಲಪ್ಪ, ಇದು ಬೋ ಭಯ. ಮೂರು ವರ್ಷ ಯಜಮಾನನ್ನ ಬದಲಾಯಿಸಾಂಗಿಲ್ಲ ಅಂತ ಒಂದ್ ಮಾತು ಬರ್ಕೊಡಿ. ಇಲ್ಲೇ ರುಜು ಹಾಕ್ತೀನಿ."

ಒಂದೂವರೆ ವರ್ಷ ಕಾದ ಮಾತು ಕಿವಿಗೆ ಬಿದ್ದ ಮೇಲೆ ಕಿಶನ್‌ಗೆ ಬೇರೇನೂ ಕೇಳಿಸಲಿಲ್ಲ. "ಅದಕ್ಕೇನಂತೆ ಸಾರ್!" ಎಂದು ಆ ಸಾಲನ್ನು, ಬದಲಾಯಿಸಿದರೆ ಒಪ್ಪಂದ ರದ್ದು ಎಂಬುದನ್ನೂ ಸೇರಿಸಿ, ತಾನೇ ಒಪ್ಪಂದದಲ್ಲಿ ಟೈಪ್ ಮಾಡಿ ಎರಡು ಪ್ರತಿ ತೆಗೆದ. ಮಂಚಯ್ಯ ರುಜು ಹಾಕಿದರು. 'ಯಜಮಾನರು' ಎಂದಿದ್ದ ಕಡೆ ಸಿದ್ದರಾಜು ಹಾಕಿದ. ಅಧ್ಯಕ್ಷರು ಹೊಸ ಯಜಮಾನನ ಕೈ ಕುಲುಕಿ ಇಳಿದುಹೋದರು.

"ಗೆದ್ವಿ!" ಕಿಶನ್ ಕುಣಿದ. "ಏಳು ಚಿಕ್ಕಪ್ಪ, ಈಗ ಎಲ್ರೂ ವಾಪಸ್ ಕೈ ಎತ್ತಿ."

ಸಿದ್ದರಾಜು ಕನ್ನಡಕ ಏರಿಸಿ ಕಾಗದ ಓದಿದ. "ಎಂಗ್ಲಾ ಎತ್ತಾದು? ಮೂರು ವರ್ಷ ಬದಲಾಯಿಸಾಂಗಿಲ್ಲ ಅಂತ ಬರ್ದದಲ್ಲ. ಬದಲಾಯ್ಸುದ್ರೆ ಒಪ್ಪಂದ ರದ್ದಂತೆ. ಯಾವನ್ಲಾ ಇದನ್ನ ಬರೆದೋನು?"

ರಂಜಿತ ಕ್ಯಾಲೆಂಡರ್ ಕಡೆ ನೋಡತೊಡಗಿದಳು. ಕಿಶನ್‌ನ ಮೈಯಲ್ಲಿದ್ದ ರಕ್ತವೆಲ್ಲ ಒಮ್ಮೆಗೇ ಕಾಲಿಗಿಳಿದಂತಾಯಿತು. ಅದೇ ಕಾಲಿನಲ್ಲಿ ಬಸ್‌ಸ್ಟ್ಯಾಂಡಿಗೆ ಓಡಿದ. ಬಿಂಡಿಗನವಿಲೆ ಬಸ್ಸಿನ ಕಿಟಕಿಯಲ್ಲಿ ಮಂಚಯ್ಯ ಕಡಲೆಕಾಯಿ ತಿನ್ನುತ್ತಿದ್ದರು.

"ಸಾರ್, ಅದು ಸುಮ್ನೆ ತೋರ್ಸಕ್ಕೆ ತೆಗೆದಿದ್ದು!"

"ಗೊತ್ತು ಕಣಪ್ಪ, ಚೆನ್ನಾಗ್ ತೋರುಸ್ದೆ. ಇನ್ನೇನಾರ ಇದ್ರೆ ನಿಮ್ ಯಜಮಾನ್ರ ಕೈಲಿ ಹೇಳುಸು." ಬಸ್ಸು ಹೊಗೆ ಬಿಟ್ಟು ಹೊರಟಿತು.

ಸಂಜೆ ಆರಕ್ಕೆ ಟೀ ಅಂಗಡಿಯ ಟೀವಿಯಲ್ಲಿ ಸುದ್ದಿ ಬಂತು: ನಾರ್ತ್‌ಲ್ಯಾಂಪಿನ ನೌಕರರೆಲ್ಲ ರುಜು ಹಾಕಿ ಹಟ ಹಿಡಿದಿದ್ದರಿಂದ ಹಳೆಯ ಯಜಮಾನನೇ ವಾಪಸ್ಸು! ಕಿಶನ್ ಒಂದೇ ಉಸಿರಿಗೆ ಮಹಡಿ ಹತ್ತಿದ.

"ರಂಜಿತಾ, ನೌಕರರು ಅಂದ್ರೆ ನೀನೇ ತಾನೆ? ನಮ್ ಸಾರ್ ವಾಪಸ್ ಬೇಕು ಅಂತ ಒಂದ್ ರುಜು ಹಾಕಮ್ಮ. ಅದನ್ನ ತಗೊಂಡೋಗಿ ಮಂಚಯ್ಯನವರ ಕಾಲಿಡ್ಕತೀನಿ."

ಬ್ಯಾಗು ಹೆಗಲಿಗೇರಿಸಿಕೊಳ್ಳುತ್ತಿದ್ದ ರಂಜಿತ ತಲೆ ತಗ್ಗಿಸಿದಳು. "ಹಾಕ್ಬೋದಿತ್ತು ಸಾರ್. ಆದ್ರೆ ಹೊಸ ಸಾಹೇಬ್ರು ಈಗ ತಾನೆ ನಂಗೆ ಭಾನುವಾರ ರಜ ಮಾಡವ್ರೆ. ನಿಮ್ ಕಾಲ್ದಲ್ಲಿ ಇರ್ಲಿಲ್ವಲ್ಲ."

ಕಿಶನ್ ಬಾಗಿಲಿಗೆ ಅಡ್ಡ ನಿಂತ. "ಅಂಗಾರೆ ನಾಳೆ ಕಚೇರಿ ನೋಡ್ಕೊಳ್ಳೋರ್ಯಾರು?"

"ನಿಮ್ಗೇ ಡ್ಯೂಟಿ ಹಾಕವ್ರೆ ಸಾರ್. ಬೆಳಿಗ್ಗೆ ಆರಕ್ಕೆ ಬರ್ಬೇಕಂತೆ."