ಆನೆಕಾಲಿನ ವ್ಯುತ್ಪತ್ತಿ

ಕೆಲವರಿಗೆ ತಂಬಾಕಿನ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನ್ನದು ಶಬ್ದಗಳ ಮೂಲ ಹೇಳುವ ಚಟ. ಯಾರೂ ಕೇಳಿರುವುದಿಲ್ಲ, ಆದರೂ ಹೇಳುತ್ತೇನೆ. ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮುಗಿಸಿ, ಮುಸಫ್ಫಾದ ಒಂದು ಕಂಪನಿಗೆ ನಟ್ಟು ಬೋಲ್ಟು ಖರೀದಿಸುತ್ತ ಕುಳಿತವನಿಗೆ ಕಲಿತದ್ದನ್ನು ಖರ್ಚು ಮಾಡಲು ಬೇರೆ ದಾರಿಯಿಲ್ಲ. ಈಚೆಗೆ ಕಲಿತದ್ದರಲ್ಲಿ ಎಷ್ಟು ತಲೆಯಲ್ಲಿ ಉಳಿದಿದೆ ಎಂಬ ಅನುಮಾನವೂ ಶುರುವಾಗಿದೆ. ಮಾತಾಡುತ್ತಿದ್ದರೆ ಎಲ್ಲ ಇದ್ದಂತೆ ತೋರುತ್ತದೆ, ಸುಮ್ಮನಾದರೆ ಹೆದರಿಕೆಯಾಗುತ್ತದೆ. ಹಾಗಾಗಿ ಮಾತಾಡುತ್ತೇನೆ.

ದುಬೈನ ಅಲ್ ನಹ್ದಾದಿಂದ ಅಬುಧಾಬಿಯ ಮುಸಫ್ಫಾಕ್ಕೆ ಕಂಪನಿ ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ. ಸೀಟುಗಳಿಗೆ ನಂಬರಿಲ್ಲ, ಆದರೆ ಯಾವುದು ಯಾರದೆಂದು ಎಲ್ಲರಿಗೂ ಗೊತ್ತು. ನನ್ನ ಪಕ್ಕದ್ದು ಸ್ಟೋರ್ ಕೀಪರ್ ಸದಾಶಿವನದು. ಉಡುಪಿ ಕಡೆಯವನು, ದಿನವಿಡೀ ನಿಂತೇ ಕೆಲಸ. ಒಂದು ಬೆಳಿಗ್ಗೆ ಪ್ಯಾಂಟಿನ ಅಂಚು ಎತ್ತಿ, "ಇದೆಂತದ್ದು ನೋಡಿ ಸರ್. ಸಂಜೆಗೆ ಶೂ ಹಾಕ್ಲಿಕ್ಕೇ ಆಗುದಿಲ್ಲ ಮಾರಾಯ್ರೆ" ಎಂದ. ಎಡಗಾಲು ಬಾತುಕೊಂಡಿತ್ತು. ಹಿಂದಿನ ಸೀಟಿನ ರಾಜೇಶ ಬಗ್ಗಿ ನೋಡಿ, "ಓ, ಇದು ಎಲಿಫಂಟೈಟಿಸ್ ಅಲ್ವಾ ಸರ್?" ಎಂದ.

ಡಾಕ್ಟರಿಗೆ ತೋರಿಸಿ ಎನ್ನಬಹುದಿತ್ತು. ನಾನು ರಾಜೇಶನ ಶಬ್ದ ತಿದ್ದಿದೆ. ಎಲಿಫಂಟಯಾಸಿಸ್ ಅನ್ನಬೇಕಪ್ಪಾ ಎಂದೆ. ಗ್ರೀಕಿನಲ್ಲಿ ಆನೆಗೆ ಎಲೆಫಾಸ್ ಎಂದೆ. ಕೊನೆಯಲ್ಲಿ 'ಐಟಿಸ್' ಬಂದರೆ ಉರಿಯೂತ, 'ಇಯಾಸಿಸ್' ಬಂದರೆ ರೋಗ. ಕಾಯಿಲೆ ತರುವ ಹುಳು ದಾರದಷ್ಟು ತೆಳ್ಳಗಿರುತ್ತದೆ, ಲ್ಯಾಟಿನ್ನಿನಲ್ಲಿ ದಾರಕ್ಕೆ ಫೈಲಮ್, ಅದರಿಂದಲೇ ಫೈಲೇರಿಯಾ. ನಾವು ಕನ್ನಡಿಗರು ಆನೆಯ ಕಾಲು ನೋಡಿ ಹೆಸರಿಟ್ಟೆವು, ಗ್ರೀಕರು ಅದರ ಚರ್ಮ ನೋಡಿ ಇಟ್ಟಿರಬೇಕು, ಏಕೆಂದರೆ ಹಿಂದೆ ಕುಷ್ಠಕ್ಕೂ ಇದೇ ಹೆಸರಿತ್ತು. ಬಸ್ಸಿಗೆ ಬಸ್ಸೇ ಕತ್ತು ಚಾಚಿ ನೋಡುತ್ತಿತ್ತು. ಪಾಂಡಿತ್ಯಕ್ಕೆ ಬೆರಗಾಗಿದ್ದಾರೆಂದು ತಿಳಿದೆ.

ಇದು ಸೊಳ್ಳೆಯಿಂದ ಹರಡುತ್ತದೆ, ಮುಟ್ಟಿದರೆ ಬರುವುದಿಲ್ಲ ಎಂದೂ ಹೇಳಿದ್ದೆ. ಹೇಳಿದ ಹಾಗೆ ನೆನಪು. ರಾಜೇಶ ಇಲ್ಲವೆನ್ನುತ್ತಾನೆ. "ಸದಾಶಿವನಿಗೆ ಅದೇ ಆಗಿದೆ ಅಂತ ನಾನೆಲ್ಲಿ ಹೇಳಿದೆ?" ಎಂದು ಅವನನ್ನೇ ಕೇಳಿದೆ. "ಹೇಳ್ಲಿಲ್ಲ ಸರ್. ಅವನ ಕಾಲಿಗೆ ಪೆನ್ನು ತೋರಿಸ್ಕೊಂಡು ಪಾಠ ಮಾಡಿದ್ರಿ, ಅಷ್ಟೆ" ಎಂದ. ಪೆನ್ನು ನನಗೆ ನೆನಪಿಲ್ಲ. ಇಲ್ಲವೆಂದು ಆಣೆ ಮಾಡುವ ಧೈರ್ಯವೂ ಇಲ್ಲ.

ಸದಾಶಿವನಿಗಿದ್ದದ್ದು ಒಂದು ಬೆಡ್ ಸ್ಪೇಸ್. ಅಲ್ ನಹ್ದಾದ ಒಂದು ಕೋಣೆ, ನಾಲ್ಕು ಮಂಚ, ಅದರಲ್ಲೊಂದು ಅವನದು. ಗ್ರೀಕು, ಲ್ಯಾಟಿನ್ನು, ಆನೆ ಎಲ್ಲವೂ ಬಸ್ಸಿನಲ್ಲೇ ಉಳಿದು, 'ಕುಷ್ಠ' ಒಂದೇ ಇಳಿದು ಆ ಕೋಣೆ ಸೇರಿತು. ಮೊದಲು ಕೋಣೆಯವರು ಅವನ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಬೇಡವೆಂದರಂತೆ. ಎರಡು ದಿನ ಬಿಟ್ಟು, ಮಂಚಕ್ಕೆ ಬೇರೆಯವರು ಬರುತ್ತಾರೆ, ಭಾನುವಾರದೊಳಗೆ ಖಾಲಿ ಮಾಡು ಎಂದರಂತೆ.

ಅಷ್ಟಾದ ಮೇಲೆ ಅವನನ್ನು ಡಾಕ್ಟರಲ್ಲಿಗೆ ಕರೆದೊಯ್ದೆ. ಹುಳುವಿಲ್ಲ, ಕುಷ್ಠವಿಲ್ಲ. ನಿಂತು ನಿಂತು ಕಾಲಿನ ರಕ್ತನಾಳಗಳು ಉಬ್ಬಿದ್ದವು. ಬಿಗಿಯಾದ ಕಾಲುಚೀಲ ಬರೆದುಕೊಟ್ಟರು. ಮರುದಿನ ಬಸ್ಸಿನಲ್ಲಿ ಎದ್ದು ನಿಂತು ರಿಪೋರ್ಟನ್ನು ಗಟ್ಟಿಯಾಗಿ ಓದಿದೆ. ಎಲ್ಲರೂ ಫೋನು ನೋಡುತ್ತಿದ್ದರು. ಸಂಜೆ ಅದೇ ಕಾಗದ ಹಿಡಿದು ಅವನ ಕೋಣೆಗೂ ಹೋದೆ. "ಬೆಡ್ ಕೊಟ್ಟಾಯ್ತು ಸರ್, ಖಲಾಸ್" ಎಂದು ಅರ್ಧ ತೆರೆದ ಬಾಗಿಲಿನಿಂದಲೇ ಹೇಳಿದರು.

ನನ್ನ ಹೆಂಡತಿ ಸುನಂದಾ ಎಲ್ಲ ಕೇಳಿ, "ನಿಮ್ಮ ಬಾಯಿಂದ ಅಂವನ ಮನಿ ಹೋತು. ಬ್ಯಾರೆ ಜಾಗಾ ಸಿಗೂತನಾ ನಮ್ಮ ಹಾಲಿನ್ಯಾಗ ಇರ್ಲಿ, ಕರ್ಕೊಂಡ ಬರ್ರಿ" ಎಂದಳು. ಸದಾಶಿವ ಒಂದು ಸೂಟ್‌ಕೇಸಿನೊಂದಿಗೆ ಬಂದ. ಅದನ್ನು ನಾನೇ ಹೊತ್ತೆ. ಅವನು ಚಾ ಕುಡಿಯುತ್ತ ಸುನಂದಾಳ ಜೊತೆ ಮಾತಾಡುತ್ತಿದ್ದಾಗ ಕೆಳಗಿನ ಅಂಗಡಿಗೆ ಹೋಗಿ ಹಸಿರು ಬಣ್ಣದ ಒಂದು ಬಕೆಟ್ಟು, ಒಂದು ಮಗ್ಗು ತಂದೆ. ಮನೆಗೆ ಬಂದವರಿಗೆ ಹೊಸದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಬಾತ್‌ರೂಮಿನಲ್ಲಿ ನಮ್ಮ ಬಕೆಟ್ಟಿನಿಂದ ತುಸು ದೂರ, ಇನ್ನೊಂದು ಮೂಲೆಯಲ್ಲಿಟ್ಟೆ. ರಿಪೋರ್ಟ್ ಓದಿದವನು ನಾನೇ. ಆದರೂ ಆ ಮೂಲೆಯನ್ನು ಆರಿಸಿದ ಕೈ ನನ್ನದೇ.

ಸದಾಶಿವ ಸ್ನಾನ ಮುಗಿಸಿ ಬಂದು ಸುನಂದಾಳಿಗೆ, "ಅಕ್ಕಾ, ಮುಸಫ್ಫಾದಲ್ಲಿ ಒಂದು ಬೆಡ್ ಸಿಕ್ಕಿತು. ನಾಳೆ ಹೋಗ್ತೇನೆ" ಎಂದ.

"ಯಾವಾಗ ಸಿಕ್ಕಿತೋ?" ಎಂದು ನಾನು ಕೇಳಿದೆ.

"ಈಗಷ್ಟೇ ಸರ್. ಸ್ನಾನಕ್ಕೆ ಹೋದಾಗ."

ಸುನಂದಾ ಬಾತ್‌ರೂಮಿಗೆ ಹೋಗಿ ನೋಡಿಬಂದಳು. ಅವನು ಹೋದ ಮೇಲೆ ಆ ಹಸಿರು ಬಕೆಟ್ಟನ್ನೂ ಮಗ್ಗನ್ನೂ ನನಗೆ ಕೊಟ್ಟಳು. ದಿನಾ ಅದರಲ್ಲೇ ಸ್ನಾನ ಮಾಡುತ್ತೇನೆ. ಮನೆಯಲ್ಲಿ ಅದನ್ನು ಬೇರೆ ಯಾರೂ ಮುಟ್ಟುವುದಿಲ್ಲ.