ಮಾತಿಲ್ಲದ ರಾಜನ ಪಾತ್ರ

ಚನ್ನಪಟ್ಟಣದಲ್ಲಿ ಡ್ರಾಮಾ ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟವನು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಅವೇ ಮೆಟ್ಟಿಲು ಹತ್ತಿ ಬಂದು, ‘ಕಿರೀಟ ಐತಾ?’ ಅಂತ ಕೇಳುತ್ತವೆ. ಈಚಿನ ನಾಲ್ಕನ್ನು ಮಾತ್ರ ಇಲ್ಲಿ ಬರೆದಿದ್ದೇನೆ. ನಾಲ್ಕರಲ್ಲೂ ನಮ್ಮಣ್ಣ ಇದ್ದಾನೆ. ಕೊನೆಯದರಲ್ಲಿ, ಹಾರ ಹಾಕಿದ ಫೋಟೋದಲ್ಲಿ.

ಅಣ್ಣ ಅಂದರೆ ಸಾತನೂರಿನಿಂದ ಮಾಗಡಿವರೆಗೆ ಪೌರಾಣಿಕ ನಾಟಕ ನೋಡುವವರಿಗೆಲ್ಲ ಗೊತ್ತಿದ್ದ ಖಳರಾಜ. ನಲವತ್ತು ವರ್ಷ ಅದೊಂದೇ ಪಾತ್ರ ಮಾಡಿದ. ನಾಟಕ ಇಲ್ಲದ ದಿನ ಅಂಗಡಿಯಲ್ಲಿ ನನ್ನ ಜೊತೆ ಕೂತು ಗಿರಾಕಿಗಳ ಮೀಸೆ ಬಾಚುತ್ತಿದ್ದ. ಕಟ್ಟುವ ಮೀಸೆ.

೧. ಯಾವ ಸೀನು?

ರಾಮನಗರದ ಕಡೆಯಿಂದ ಇಂಜಿನಿಯರಿಂಗ್ ಓದುವ ಮೂವರು ಬಂದರು. ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಮೊಬೈಲಿನಲ್ಲಿ ಜಪಾನಿನ ಕಾರ್ಟೂನಿನ ಒಬ್ಬ ಯೋಧನನ್ನು ತೋರಿಸಿ, “ಈ ಥರ ಕವಚ ಬೇಕು ಅಂಕಲ್, ಕಾಸ್‌ಪ್ಲೇಗೆ” ಅಂದರು.

ಪ್ಲೇ ಅಂದಿದ್ದೇ ಅಣ್ಣನ ಕಿವಿ ನೆಟ್ಟಗಾಯಿತು. “ಯಾವ ಪ್ಲೇ? ಯಾವ ಸೀನು?”

“ಸೀನಿಲ್ಲ ಅಂಕಲ್. ಡ್ರೆಸ್ ಹಾಕ್ಕೊಂಡು ಓಡಾಡ್ತೀವಿ, ಫೋಟೋ ತೆಗೆಸ್ಕೋತೀವಿ.”

“ಮಾತು?”

“ಇಲ್ಲ.”

“ಹಾಡು?”

“ಅದೂ ಇಲ್ಲ.”

ಅಣ್ಣ ನನ್ನ ಕಡೆ ತಿರುಗಿದ. “ಬಟ್ಟೆ ಅಂಗ್ಡಿ ಮುಂದೆ ಬೊಂಬೆ ನಿಲ್ಲಿಸ್ತಾರಲ್ಲ, ಅದ್ಕೆ ಕಾಲೇಜಿಗೆ ಹೋಗ್ಬೇಕೇನ್ಲಾ?”

ಅಂದನೇ ಹೊರತು ಬಿಡಲಿಲ್ಲ. ಭಾರದ ಕಿರೀಟ ಹೊತ್ತು ಕತ್ತು ಅಲುಗದಂತೆ ನಡೆಯುವುದು ಹೇಗೆ, ಗದೆಯನ್ನು ಎಲ್ಲಿ ಊರಬೇಕು, ಎಲ್ಲಾ ಅಂಗಡಿಯ ಮುಂದೆಯೇ ಕಲಿಸಿದ. ಕಾಸ್‌ಪ್ಲೇ ಸ್ಪರ್ಧೆಯಲ್ಲಿ ಅವರಿಗೆ ಬಹುಮಾನ ಬಂತು. ಸಂತೋಷಕ್ಕೆ ಸ್ವೀಟ್ ಬಾಕ್ಸ್ ತಂದವರು, “ಅಂಕಲ್, ನಿಮ್ಮ ನಡಿಗೆ ಯಾವ ಗೇಮಿಂದು ಅಂತ ಎಲ್ಲರೂ ಕೇಳಿದ್ರು” ಅಂದರು.

೨. ನಗು

ಆಮೇಲೆ ಅವರು ವಾರಕ್ಕೊಮ್ಮೆ ಬರತೊಡಗಿದರು. ಒಂದು ದಿನ ಹುಡುಗಿ ಅಣ್ಣನ ಅಟ್ಟಹಾಸವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಳು. ಮೊಬೈಲ್ ಗೇಮ್ ಆಡುವಾಗ ಎದುರಾಳಿ ಸತ್ತರೆ ಅಣ್ಣನ ನಗು ಕೇಳಿಸುವ ಹಾಗೆ ಏನೋ ಮಾಡಿ, ಗೆಳೆಯರಿಗೆಲ್ಲ ಹಂಚಿದಳು.

ಅದೇ ವರ್ಷ ಅಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಪೆಂಡಾಲಿನ ಕೊನೆಯಲ್ಲಿ ಕಡ್ಲೆಕಾಯಿ ಮಾರುವವನಿಗೂ ಮೈಕಿಲ್ಲದೆ ಕೇಳಿಸುತ್ತಿದ್ದ ಮನುಷ್ಯ, ನೀರು ಬೇಕಾದರೆ ಸ್ಲೇಟಿನಲ್ಲಿ ಬರೆಯುವಂತಾದ. ಮನೆಯಲ್ಲಿ ನಾವೂ ಮೆಲ್ಲಗೆ ಮಾತಾಡತೊಡಗಿದೆವು. ಅವನೆದುರು ಜೋರಾಗಿ ಮಾತಾಡುವುದೇ ತಪ್ಪು ಅನ್ನಿಸುತ್ತಿತ್ತು.

ಒಂದು ಮಧ್ಯಾಹ್ನ ಹಾರೋಹಳ್ಳಿಯಿಂದ ಕನಕಪುರಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ಫ್ಯಾಕ್ಟರಿ ಯೂನಿಫಾರಮ್ಮಿನಲ್ಲಿದ್ದ ಒಬ್ಬಾತ ಗೇಮ್ ಆಡುತ್ತಿದ್ದ. ಇದ್ದಕ್ಕಿದ್ದಂತೆ ಅವನ ಫೋನು ಅಣ್ಣನ ಗಂಟಲಿನಲ್ಲಿ ನಕ್ಕಿತು.

ಅಣ್ಣ ಕಣ್ಣು ಮುಚ್ಚಿ ಪೂರ್ತಿ ಕೇಳಿದ. ಆತ ತಿರುಗಿ, “ಸೌಂಡ್ ಜಾಸ್ತಿ ಆಯ್ತಾ ಯಜಮಾನ್ರೇ?” ಅಂದ. ಇಲ್ಲ ಅಂತ ಅಣ್ಣ ಕೈಯಾಡಿಸಿದ. ಸ್ಲೇಟು ತೆಗೆದು ಏನೋ ಬರೆದ. ಅಳುತ್ತಿರಬೇಕು ಅಂದುಕೊಂಡು ಬಗ್ಗಿ ನೋಡಿದೆ.

‘ಕೊನೇಲಿ ಉಸಿರು ಮುರಿದದೆ. ಇನ್ನೊಂದು ಸಲ ರೆಕಾರ್ಡ್ ಮಾಡ್ಬೇಕಾಗಿತ್ತು.’

೩. ಎರಡನೇ ಬಹುಮಾನ

ಆಪರೇಷನ್ ಆದಮೇಲೆ ನಾಟಕದವರು ಬರುವುದು ನಿಂತಿತು. ತಪ್ಪು ಅನ್ನಲಾರೆ, ಮಾತಾಡದ ರಾಜನನ್ನು ಇಟ್ಟುಕೊಂಡು ಅವರು ತಾನೇ ಏನು ಮಾಡಿಯಾರು? ಅಣ್ಣ ದಿನವಿಡೀ ಗೋಡೆ ನೋಡುತ್ತ ಕೂತಿರುತ್ತಿದ್ದ. ಆಗ ಬಂದವರು ಆ ಮೂವರೇ.

“ಅಂಕಲ್, ನಮ್ ಸ್ಪರ್ಧೆಗೆ ನೀವು ಬನ್ನಿ. ಅಲ್ಲಿ ಮಾತಾಡೋ ಹಂಗೇ ಇಲ್ಲ.”

ಅಣ್ಣ ಎದ್ದು ಹೋಗಿ ಕಿರೀಟ ಒರೆಸತೊಡಗಿದ.

ಬೆಂಗಳೂರಿನ ದೊಡ್ಡ ಹಾಲಿನಲ್ಲಿ ರೆಕ್ಕೆ, ಕೊಂಬು, ಬಾಲ ಕಟ್ಟಿಕೊಂಡವರ ನಡುವೆ ಅಣ್ಣ ನಡೆದ. ಮೈ ಇಳಿದು ಎದೆಪದಕ ಹೊಟ್ಟೆಗೆ ಬಂದಿತ್ತು. ಆದರೂ ಗದೆ ಊರಿ ಹುಬ್ಬು ಹಾರಿಸಿದಾಗ ಇಡೀ ಹಾಲು ಶಿಳ್ಳೆ ಹೊಡೆಯಿತು. ಕೊಂಬಿನವನೊಬ್ಬ ಬಂದು, “ಸರ್, ಕಿರೀಟ ಯಾವ ವೆಬ್‌ಸೈಟಲ್ಲಿ ತಗೊಂಡ್ರಿ?” ಅಂತ ಕೇಳಿದ.

ಮೊದಲ ಬಹುಮಾನ, ರಟ್ಟಿನ ಪೆಟ್ಟಿಗೆಗಳಿಗೆ ಬಣ್ಣ ಬಳಿದು ರೋಬೋ ಆಗಿದ್ದವನಿಗೆ ಹೋಯಿತು. ಅಣ್ಣನಿಗೆ ಎರಡನೆಯದು. ಊರಿಗೆ ಬರುವ ದಾರಿಯಲ್ಲಿ ಸ್ಲೇಟಿನಲ್ಲಿ ಬರೆದ: ‘ನಲವತ್ತು ವರ್ಷದ ಅನುಭವ. ಡಬ್ಬದ ಮುಂದೆ ಸೋತೆ.’

೪. ಹನ್ನೊಂದನೇ ದಿನ

ನಾಟಕದಲ್ಲಿ ಅಣ್ಣ ಸಾಯುವ ಕೊನೆಯ ಸೀನಿಗೆ ಅತ್ತಿಗೆ ಯಾವತ್ತೂ ಕೂತವರಲ್ಲ. ಅದಕ್ಕೆ ಮೊದಲೇ ಎದ್ದು ಮನೆಗೆ ಬಂದುಬಿಡುತ್ತಿದ್ದರು. ಈ ಸಲ ಅವನು ಸತ್ತದ್ದು ಮನೆಯಲ್ಲೇ. ಎದ್ದು ಎಲ್ಲಿಗೆ ಹೋದಾರು? ಹನ್ನೊಂದು ದಿನ ಅತ್ತಿಗೆ ಅಳಲೂ ಇಲ್ಲ, ಮಾತಾಡಲೂ ಇಲ್ಲ. ಕಂಬಕ್ಕೆ ಒರಗಿ ಕೂತೇ ಇದ್ದರು.

ತಿಥಿಯ ದಿನ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಆ ಮೂವರೂ ಬಂದರು. ಬೆಂಗಳೂರಿನಲ್ಲಿ ಅವರ ಯಾವುದೋ ಮೇಳ ನಡೆದಿತ್ತು. ವೇಷ ಪೂರ್ತಿ ಬಿಚ್ಚದೆ ಅಲ್ಲಿಂದ ನೇರ ಬಂದಿದ್ದರು. ಹುಡುಗಿಯದು ಮುದಿ ಮಾಟಗಾತಿಯ ಪಾತ್ರವಂತೆ. ತಲೆಗೆ ಅಂಟಿಸಿದ ಬಿಳಿ ವಿಗ್, ಮುಖದ ತುಂಬ ಸುಕ್ಕಿನ ಗೆರೆ. ಫೋಟೋದ ಮುಂದೆ ಅಡ್ಡಬಿದ್ದು ಬಿಕ್ಕಿ ಬಿಕ್ಕಿ ಅತ್ತಳು.

ಕಣ್ಣು ಮಂಜಾದ ನಮ್ಮ ಸೋದರತ್ತೆ ತಡವರಿಸಿಕೊಂಡು ಬಂದು ಅವಳ ರಟ್ಟೆ ಹಿಡಿದರು. “ಈ ವಯಸ್ನಲ್ಲಿ ಹಿಂಗೆ ಬಗ್ಗಬ್ಯಾಡ ಕಣವ್ವಾ. ಬಾ, ನನ್ ಪಕ್ಕ ಕೂತ್ಕೋ. ಅವ್ನು ನಿಂಗೆ ಏನಾಗ್ಬೇಕು?”

“ಗುರುಗಳು, ಅಜ್ಜಿ.”

“ನಿನ್ಗಿಂತ ಎಷ್ಟು ಚಿಕ್ಕೋನು, ಅವ್ನು ಹೆಂಗವ್ವಾ ಗುರು?”

ಹುಡುಗಿ ಅವರ ಪಕ್ಕ ಎಲೆಯ ಮುಂದೆ ಕೂತಳು. ಎಲೆಗೆ ಮುದ್ದೆ ಬಂತು. ಸೋದರತ್ತೆ, “ಹಲ್ಲಿಲ್ದಿದ್ರೂ ಪರ್ವಾಗಿಲ್ಲ, ನುಂಗ್ಬುಡು” ಅಂದರು.

“ಹಲ್ಲಿದೆ ಅಜ್ಜಿ, ಎಲ್ಲಾ ಇದೆ” ಅಂತ ಹುಡುಗಿ ಬಾಯಿ ತೆಗೆದು ತೋರಿಸಿದಳು.

ಸೋದರತ್ತೆ ಹತ್ತಿರಕ್ಕೆ ಬಗ್ಗಿ ನೋಡಿದರು. “ಅಯ್ಯೋ ಶಿವನೇ, ಎಷ್ಟು ಚೆಂದಾಗಿ ಕಟ್ಟವ್ರೆ! ಯಾವ ಡಾಕ್ಟ್ರವ್ವಾ? ನಂಗೂ ಒಸಿ ಅಡ್ರೆಸ್ ಕೊಡು.”

ಕಂಬದ ಹತ್ತಿರ ಅತ್ತಿಗೆ ಕಿಸಕ್ಕನೆ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡರೂ ನಗು ನಿಲ್ಲಲಿಲ್ಲ. ನಗುನಗುತ್ತಲೇ ಹನ್ನೊಂದು ದಿನದ ಅಳು ಒಟ್ಟಿಗೇ ಒಡೆದು ಬಂತು. ಹುಡುಗಿ ಎಲೆ ಬಿಟ್ಟೆದ್ದು ಓಡಿಹೋಗಿ ಅವರನ್ನು ತಬ್ಬಿಕೊಂಡು ತಾನೂ ಅತ್ತಳು. ನಾನೂ ತಡೆಯಲಾಗದೆ ಗೋಡೆ ಕಡೆ ತಿರುಗಿದೆ.

ಸೋದರತ್ತೆ ಗಾಬರಿಯಾಗಿ ಅಳುತ್ತಿದ್ದ ನಮ್ಮ ಮೂವರನ್ನೂ ನೋಡಿದರು.

“ಯಾಕ್ರವ್ವಾ ಹಿಂಗ್ ಅಳ್ತೀರಿ? ಅಡ್ರೆಸ್ ತಾನೇ ಕೇಳಿದ್ದು? ಕೊಡಕ್ಕೆ ಇಷ್ಟ ಇಲ್ದಿದ್ರೆ ಬ್ಯಾಡ ಬುಡಿ!”